ಮಟ್ಟಾಂಚೇರಿಯ ಬಂಡಸಾಲೆ ಬೀದಿಯಲ್ಲಿ ಒಂದು ದಿನ: ಎಲ್ಲಿಂದ ನಡೆಯಬೇಕು, ಏನು ನೋಡಬೇಕು, ಏನು ಕೊಳ್ಳಬೇಕು

ಕೊಚ್ಚಿಗೆ ಹೋದವರು ಮಟ್ಟಾಂಚೇರಿ ನೋಡದೆ ಬರುವುದು ಕಡಿಮೆ. ಆದರೆ ಹೆಚ್ಚಿನವರು ನೋಡುವ ಕ್ರಮ ಒಂದೇ. ಹನ್ನೊಂದು ಗಂಟೆಗೆ ಆಟೊದಲ್ಲಿ ಬಂದು ಜ್ಯೂ ಟೌನ್‌ನಲ್ಲಿ ಇಳಿಯುವುದು, ಅರಮನೆಗೆ ಅರ್ಧ ಗಂಟೆ, ಯೆಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ಗೆ ಕಾಲು ಗಂಟೆ, ಎರಡು ಪೊಟ್ಟಣ ಏಲಕ್ಕಿ, ಊಟದ ಹೊತ್ತಿಗೆ ವಾಪಸ್. ನಾನೂ ಮೊದಲ ಸಲ ಹಾಗೆಯೇ ನೋಡಿ ಬಂದಿದ್ದೆ. ಎರಡನೆಯ ಸಲ ಜೊತೆಗಿದ್ದವರು ಮಂಗಳೂರಿನ ಬಂದರಿನಲ್ಲಿ ವ್ಯಾಪಾರ ಮಾಡಿ ವಯಸ್ಸಾದ ನನ್ನ ಸೋದರಮಾವ. ಜ್ಯೂ ಟೌನ್ ಕಡೆ ತಿರುಗಿಸಲು ಹೊರಟಿದ್ದ ಆಟೊವನ್ನು ಅವರು ಬಜಾರ್ ರೋಡಿನ ಆಚೆ ತುದಿಯಲ್ಲೇ ನಿಲ್ಲಿಸಿದರು. "ಬಂಡಸಾಲೆ ನೋಡದೆ ಬರೀ ಅಂಗಡಿ ನೋಡಿದರೆ ಏನು ಗೊತ್ತಾಗ್ತದೆ ಮಾರಾಯಾ?" ಅಂದರು.

ಬಂಡಸಾಲೆ ಅಂದರೆ ಸರಕು ದಾಸ್ತಾನಿನ ಗೋದಾಮು. ಮಲಯಾಳದಲ್ಲಿ ಇದೇ ಪಾಂಡಿಕಶಾಲ. ಪದ ಒಂದೇ ಬೇರಿನದು, ಕಸುಬೂ ಒಂದೇ. ಮಾವ ಅಂದು ನಡೆಸಿದ ದಾರಿಯನ್ನೇ ಮುಂದೆ ನಾಲ್ಕೈದು ಸಲ ಹೋದಾಗ ತಿದ್ದಿಕೊಂಡು ಇಲ್ಲಿ ಬರೆದಿದ್ದೇನೆ.

ಹೋಗುವ ಮೊದಲು ಇಷ್ಟು ತಿಳಿದಿರಲಿ

1341ರ ಪೆರಿಯಾರ್ ನೆರೆಯಲ್ಲಿ ಮುಜಿರಿಸ್ ಬಂದರು ಹೂಳು ತುಂಬಿ ಕೆಟ್ಟಿತು, ಕೊಚ್ಚಿಯಲ್ಲಿ ಅಳಿವೆ ಬಾಯಿ ತೆರೆಯಿತು ಎನ್ನುವಲ್ಲಿಂದ ಈ ಊರಿನ ಕಥೆ ಶುರುವಾಗುತ್ತದೆ. ಕಾಳುಮೆಣಸಿಗಾಗಿ ಪೋರ್ಚುಗೀಸರು 1500ರಲ್ಲಿ ಬಂದರು, 1663ರಲ್ಲಿ ಡಚ್ಚರು, 1795ರಲ್ಲಿ ಇಂಗ್ಲಿಷರು. ಕೋಟೆಯ ಭಾಗ ಪರಂಗಿಯವರದ್ದಾಯಿತು. ಮಟ್ಟಾಂಚೇರಿ ಕೊಚ್ಚಿ ರಾಜರದ್ದಾಗಿಯೇ ಉಳಿಯಿತು. ಯೆಹೂದಿ, ಗುಜರಾತಿ, ಕಚ್ಛಿ, ತಮಿಳು, ಕೊಂಕಣಿ ವರ್ತಕರು ಮನೆ ಕಟ್ಟಿಕೊಂಡು ಗೋದಾಮು ಇಟ್ಟದ್ದು ಇಲ್ಲೇ. ಗೋವಾದಿಂದ ಓಡಿಬಂದ ಗೌಡ ಸಾರಸ್ವತರಲ್ಲಿ ಕೆಲವರು ನಮ್ಮ ಕರಾವಳಿಯಲ್ಲಿ ನಿಂತರು, ಕೆಲವರು ಇಲ್ಲಿಯವರೆಗೆ ಬಂದರು. ಚೆರ್ಲಾಯಿಯ ತಿರುಮಲ ದೇವಸ್ಥಾನದ ಸುತ್ತ ಇವತ್ತಿಗೂ ಕೊಂಕಣಿ ಕಿವಿಗೆ ಬೀಳುತ್ತದೆ.

ಆಗ ದೊಡ್ಡ ಹಡಗುಗಳು ಹೊರಸಮುದ್ರದಲ್ಲೇ ಲಂಗರು ಹಾಕುತ್ತಿದ್ದವು. ಸರಕು ದೋಣಿಗಳಲ್ಲಿ ಹೋಗಿಬಂದು ಮಾಡುತ್ತಿತ್ತು. ಹಾಗಾಗಿ ಪ್ರತಿ ಗೋದಾಮಿಗೂ ನೀರಿನ ಬದಿಯಲ್ಲಿ ಒಂದು ಬಾಗಿಲು, ರಸ್ತೆಯ ಬದಿಯಲ್ಲಿ ಇನ್ನೊಂದು. 1920ರಲ್ಲಿ ಬಂದ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅಳಿವೆಯ ಮರಳದಿಣ್ಣೆ ಕಡಿಸಿದರು. 1928ರ ಮೇ 26ರಂದು 'ಪದ್ಮ' ಎಂಬ ಹಡಗು ನೇರವಾಗಿ ಒಳಬಂತು. ಹೂಳೆತ್ತಿದ ಮಣ್ಣಿನಿಂದಲೇ ವಿಲಿಂಗ್ಡನ್ ದ್ವೀಪ ಎದ್ದಿತು. ಬಂದರು ಅಲ್ಲಿಗೆ ಹೋದ ಮೇಲೆ ಮಟ್ಟಾಂಚೇರಿಯ ನೀರಿನ ಬದಿಯ ಬಾಗಿಲುಗಳಿಗೆ ಕೆಲಸ ತಪ್ಪಿತು. ಇಸ್ರೇಲ್ ಹುಟ್ಟಿದ ಮೇಲೆ ಯೆಹೂದಿಗಳೂ ಒಬ್ಬೊಬ್ಬರಾಗಿ ಹೊರಟುಹೋದರು. ಖಾಲಿಯಾದ ಕಟ್ಟಡಗಳಿಗೆ ಹಳೆಯ ವಸ್ತುಗಳ ಅಂಗಡಿ, ಕೆಫೆ, ಕಾಶ್ಮೀರಿ ಶಾಲಿನ ಮಳಿಗೆಗಳು ಬಂದವು. 2012ರಲ್ಲಿ ಕೊಚ್ಚಿ-ಮುಜಿರಿಸ್ ಬಿನಾಲೆ ಎಂಬ ಕಲಾಪ್ರದರ್ಶನವೂ ಇದೇ ಗೋದಾಮುಗಳಲ್ಲಿ ಶುರುವಾಯಿತು.

ಆದರೆ ಎಲ್ಲವೂ ಅಂಗಡಿಯಾಗಿಲ್ಲ. ಅರ್ಧ ಬೀದಿ ಈಗಲೂ ದುಡಿಯುತ್ತಿದೆ. ಆ ಅರ್ಧವನ್ನು ಮೊದಲು ನೋಡಬೇಕು.

ಮೊದಲನೆಯದು: ದಿನ ಸರಿಯಾಗಿ ಆರಿಸಿ

ಸೋಮವಾರದಿಂದ ಗುರುವಾರದ ಒಳಗೆ ಹೋಗಿ. ಅರಮನೆಗೆ ಶುಕ್ರವಾರ ರಜೆ. ಸಿನಗಾಗ್ ಶನಿವಾರ ತೆರೆಯುವುದಿಲ್ಲ, ಶುಕ್ರವಾರ ಮಧ್ಯಾಹ್ನದ ಮೇಲೂ ಇಲ್ಲ, ಯೆಹೂದಿ ಹಬ್ಬಗಳಲ್ಲೂ ಇಲ್ಲ. ಭಾನುವಾರ ಇವೆರಡೂ ತೆರೆದಿದ್ದರೂ ಬಜಾರ್ ರೋಡಿನ ಸಗಟು ಮಳಿಗೆಗಳ ಬಾಗಿಲು ಹಾಕಿರುತ್ತದೆ. ಬರೀ ಬೀಗ ನೋಡಿಕೊಂಡು ಎರಡು ಕಿಲೋಮೀಟರ್ ನಡೆಯಬೇಕಾಗುತ್ತದೆ. ವಾರಾಂತ್ಯಕ್ಕೆ ಹೋಗುವ ಬೆಂಗಳೂರಿನವರಿಗೆ ಇದು ತೊಂದರೆಯೇ. ಸೋಮವಾರ ಒಂದು ರಜೆ ಹಾಕಲು ಆಗುವುದಾದರೆ ಹಾಕಿ.

ಡಿಸೆಂಬರ್‌ನಿಂದ ಫೆಬ್ರವರಿ ನಡೆಯಲು ಹಿತ. ಬಿನಾಲೆಯೂ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ಶುರುವಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೋದರೆ ಬೆವರು ಒರೆಸಿಕೊಳ್ಳುವುದೇ ಕೆಲಸ.

ಎರಡನೆಯದು: ನೀರಿನ ಮೇಲೆ ಬನ್ನಿ

ಬೆಂಗಳೂರಿನಿಂದ ಕನ್ಯಾಕುಮಾರಿ ಕಡೆಗೆ ಹೋಗುವ ಐಲ್ಯಾಂಡ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಎರ್ನಾಕುಲಂ ಟೌನ್. ಈ ರೈಲಿಗೆ ಐಲ್ಯಾಂಡ್ ಎಂಬ ಹೆಸರು ಬಂದದ್ದು ವಿಲಿಂಗ್ಡನ್ ದ್ವೀಪದಿಂದಲೇ. ಮೊದಲು ಇದರ ಕೊನೆಯ ನಿಲ್ದಾಣ ಆ ದ್ವೀಪದ ಕೊಚ್ಚಿನ್ ಹಾರ್ಬರ್ ಟರ್ಮಿನಸ್. ನಮ್ಮವರು ಬಾಯಿತುಂಬ ಹೇಳುವ ರೈಲಿನ ಹೆಸರಿನಲ್ಲೇ ಮಟ್ಟಾಂಚೇರಿಯ ವ್ಯಾಪಾರ ಎತ್ತ ಹೋಯಿತು ಎನ್ನುವುದೂ ಇದೆ. ಮಂಗಳೂರು ಕಡೆಯವರಿಗೆ ರಾತ್ರಿಯ ರೈಲುಗಳು ಸಾಕಷ್ಟಿವೆ.

ಎರ್ನಾಕುಲಂನಿಂದ ಆಟೊ, ಟ್ಯಾಕ್ಸಿ ಬೇಡ. ಸೇತುವೆಗಳ ಮೇಲೆ ವಾಹನ ಸಾಲುಗಟ್ಟಿರುತ್ತದೆ, ಜೊತೆಗೆ ಈ ಊರನ್ನು ಕಟ್ಟಿದ್ದು ನೀರಿಗೆ ಮುಖ ಮಾಡಿ. ಜಲಸಾರಿಗೆ ಇಲಾಖೆಯ ಹಳೆಯ ಬೋಟು ಎರ್ನಾಕುಲಂ ಜೆಟ್ಟಿಯಿಂದ ಸಿಗುತ್ತದೆ. 2023ರಲ್ಲಿ ಶುರುವಾದ ವಾಟರ್ ಮೆಟ್ರೊ ಹೈಕೋರ್ಟ್ ಜೆಟ್ಟಿಯಿಂದ ಹೊರಡುತ್ತದೆ. ಎರಡೂ ಅಗ್ಗ. ಮೆಟ್ರೊ ಬೋಟಿನಲ್ಲಿ ಏಸಿ ಇದೆ, ಹಳೆಯ ಬೋಟಿನಲ್ಲಿ ಗಾಳಿ ಇದೆ. ನನ್ನ ಆಯ್ಕೆ ಹಳೆಯ ಬೋಟು.

ಮಟ್ಟಾಂಚೇರಿಗೂ ವಾಟರ್ ಮೆಟ್ರೊ ಬಂದಿದೆ. ಆದರೂ ಬೆಳಿಗ್ಗೆ ಅಲ್ಲಿ ಇಳಿಯಬೇಡಿ, ಫೋರ್ಟ್ ಕೊಚ್ಚಿಯಲ್ಲಿ ಇಳಿಯಿರಿ. ಅರಮನೆಯ ಬಾಗಿಲಿಗೇ ಇಳಿದುಬಿಟ್ಟರೆ ಮತ್ತೆ ಹಿಂದಕ್ಕೆ ನಡೆಯುವ ಮನಸ್ಸು ಬರುವುದಿಲ್ಲ. ಎಂಟೂವರೆಯೊಳಗೆ ಇಳಿದರೆ ಒಳ್ಳೆಯದು.

ಮೂರನೆಯದು: ಕಲ್ವತ್ತಿಯಿಂದ ದಕ್ಷಿಣಕ್ಕೆ, ನಡೆದೇ

ಜೆಟ್ಟಿಯಿಂದ ಹೊರಬಂದು ನೀರನ್ನು ಎಡಕ್ಕೆ ಇಟ್ಟುಕೊಂಡು ನಡೆಯಿರಿ. ಮೊದಲಿಗೆ ಆಸ್ಪಿನ್‌ವಾಲ್ ಹೌಸ್ ಸಿಗುತ್ತದೆ. ಜಾನ್ ಆಸ್ಪಿನ್‌ವಾಲ್ 1867ರಲ್ಲಿ ಶುರುಮಾಡಿದ ಕಂಪನಿ ಇಲ್ಲಿಂದ ತೆಂಗಿನೆಣ್ಣೆ, ಕಾಳುಮೆಣಸು, ಶುಂಠಿ, ನಾರು ಹೊರದೇಶಕ್ಕೆ ಕಳಿಸುತ್ತಿತ್ತು. ಮಂಗಳೂರಿನವರಿಗೆ ಈ ಹೆಸರು ಹೊಸದಲ್ಲ, ಆ ಕಂಪನಿಯ ಕಾಫಿ ಸಂಸ್ಕರಣೆ ನಡೆಯುವುದು ನಮ್ಮಲ್ಲೇ. ಬಿನಾಲೆ ಇಲ್ಲದ ತಿಂಗಳಲ್ಲಿ ಒಳಗೆ ನೋಡಲು ಹೆಚ್ಚೇನೂ ಸಿಗುವುದಿಲ್ಲ. ಅದೇ ದಾರಿಯಲ್ಲಿ ಮುಂದೆ ಪೆಪ್ಪರ್ ಹೌಸ್. ಇಲ್ಲಿ ಹತ್ತು ನಿಮಿಷ ನಿಂತು ಕಟ್ಟಡದ ಲೆಕ್ಕಾಚಾರ ತಿಳಿದುಕೊಳ್ಳಿ: ರಸ್ತೆಗೆ ಒಂದು ಸಾಲು, ನೀರಿಗೆ ಒಂದು ಸಾಲು, ನಡುವೆ ದೊಡ್ಡ ಅಂಗಳ. ಅಂಗಳ ಇರುವುದು ಒಣಗಿಸಲು ಮತ್ತು ಹಸನು ಮಾಡಲು. ಈ ನಕ್ಷೆ ಒಮ್ಮೆ ತಲೆಗೆ ಹೋದರೆ ಮುಂದಿನ ಪ್ರತಿ ಕಟ್ಟಡದಲ್ಲೂ ಅದು ಕಾಣುತ್ತದೆ, ಎದುರಿಗೆ ಫ್ಯಾನ್ಸಿ ಅಂಗಡಿಯ ಬೋರ್ಡೇ ಇರಲಿ.

ಕಲ್ವತ್ತಿಯ ತೋಡು ದಾಟಿದರೆ ಬಜಾರ್ ರೋಡ್. ರಸ್ತೆ ಕಿರಿದು. ಲಾರಿ, ಗೂಡ್ಸ್ ಆಟೊ, ಕೈಗಾಡಿ ಎಲ್ಲವೂ ಅದರಲ್ಲೇ. ಅಕ್ಕಿ, ಬೇಳೆ, ಒಣಮೆಣಸು, ಈರುಳ್ಳಿ, ಚಹಾ ಪೆಟ್ಟಿಗೆ ಇಳಿಯುತ್ತಿರುತ್ತವೆ. ಹೆಗಲ ಮೇಲೆ ಮೂಟೆ ಹೊತ್ತು ಬರುವ ಹಮಾಲರಿಗೆ ಮೊದಲು ದಾರಿ ಬಿಡಿ, ಆಮೇಲೆ ಫೋಟೊ. ಮುಖ ಕಾಣುವ ಫೋಟೊ ತೆಗೆಯುವುದಾದರೆ ಕೇಳಿಯೇ ತೆಗೆಯಿರಿ. ಅವರಿಗದು ದುಡಿಯುವ ಹೊತ್ತು.

ಇಲ್ಲಿ ಗಮನಿಸಬೇಕಾದ ಒಂದು ಕೆಲಸವಿದೆ. ದಲ್ಲಾಳಿಯೋ ಗುಮಾಸ್ತನೋ ತುದಿ ಚೂಪಾದ ಟೊಳ್ಳು ಕಬ್ಬಿಣದ ಕೊಳವೆಯೊಂದನ್ನು ಗೋಣಿಗೆ ಚುಚ್ಚುತ್ತಾನೆ. ಕೊಳವೆಯ ಸೀಳಿನಿಂದ ಕಾಳು ಅಂಗೈಗೆ ಜಾರುತ್ತದೆ. ಒಂದು ಗೋಣಿಗೆ ಮೇಲೆ, ನಡುವೆ, ಕೆಳಗೆ ಎಂದು ಮೂರು ಕಡೆ ಚುಚ್ಚಿದ್ದನ್ನು ನಾನು ನೋಡಿದ್ದೇನೆ. ಅಂಗೈಯ ಕಾಳನ್ನು ಇನ್ನೊಂದು ಅಂಗೈಗೆ ಸುರಿದು ಊದಿ, ಹಾರಿದ್ದೆಷ್ಟು ಉಳಿದದ್ದೆಷ್ಟು ನೋಡಿ, ಎರಡು ಕಾಳು ಹಲ್ಲಿನಲ್ಲಿ ಕಡಿದು, ಮಾತಿಲ್ಲದೆ ತಲೆಯಾಡಿಸಿದ. ವ್ಯಾಪಾರ ಮುಗಿಯಿತು. ಗೋಣಿಯ ಚುಚ್ಚಿದ ಕಡೆ ಕೊಳವೆಯ ತುದಿಯಿಂದಲೇ ಎರಡು ಸಲ ಉಜ್ಜಿದ, ತೂತು ಮುಚ್ಚಿಕೊಂಡಿತು.

ಇಲ್ಲಿಯ ಕೆಲವು ಅಂಗಳಗಳಲ್ಲಿ ಒಣಶುಂಠಿ ಹರವಿರುತ್ತಾರೆ. ಘಾಟು ರಸ್ತೆಗೇ ಬರುತ್ತದೆ. ಒಳಗೆ ನೋಡಬೇಕೆನಿಸಿದರೆ ಬಾಗಿಲಲ್ಲಿ ನಿಂತು "ಚೇಟ್ಟಾ, ಒನ್ನು ಕಂಡೋಟ್ಟೆ?" ಎಂದು ಕೇಳಿ. ಅಣ್ಣಾ, ಸ್ವಲ್ಪ ನೋಡಲಾ ಎಂದರ್ಥ. ನನಗೆ ಬೇಡವೆಂದವರು ಕಡಿಮೆ. ಬೇಡವೆಂದರೆ ಮುಂದೆ ಹೋಗಿ.

ಮೇಲೆ ನೋಡುವುದನ್ನೂ ಮರೆಯಬೇಡಿ. ಮುರಕಲ್ಲಿನ ಗೋಡೆ, ಸುಣ್ಣದ ಗಾರೆ, ಮೇಲೆ ಹೆಂಚು. ಕರಾವಳಿಯಲ್ಲಿ ಬೆಳೆದವರಿಗೆ ಅಜ್ಜಿಮನೆಯ ಮಾಡಿನ ನೆನಪಾಗದೆ ಇರದು.

ನಾಲ್ಕನೆಯದು: ಅರಮನೆ

ಹತ್ತು, ಹತ್ತೂವರೆಗೆ ಅರಮನೆ ತಲುಪುತ್ತೀರಿ. ಡಚ್ ಪ್ಯಾಲೇಸ್ ಎಂದು ಹೆಸರಾದರೂ ಹದಿನಾರನೆಯ ಶತಮಾನದ ನಡುವೆ ಕಟ್ಟಿಸಿ ರಾಜರಿಗೆ ಕೊಟ್ಟವರು ಪೋರ್ಚುಗೀಸರು, ಡಚ್ಚರು ಆಮೇಲೆ ದುರಸ್ತಿ ಮಾಡಿಸಿದವರು. ಪಲ್ಲಕ್ಕಿ, ಕತ್ತಿ, ಪಟಗಳನ್ನು ಬೇಗ ನೋಡಿ ಮುಗಿಸಿ. ರಾಜರ ಮಲಗುವ ಕೋಣೆಯ ಗೋಡೆಯ ಮೇಲಿರುವ ರಾಮಾಯಣದ ಮುಂದೆ ನಿಲ್ಲಿ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಜಾಗವನ್ನೇ ಬಿಟ್ಟಿಲ್ಲ. ಕಣ್ಣು ಒಗ್ಗಲು ಐದು ನಿಮಿಷ ಬೇಕು, ಆಮೇಲೆ ಒಂದೊಂದೇ ಪ್ರಸಂಗ ಬಿಡಿಸಿಕೊಳ್ಳುತ್ತದೆ. ಯಕ್ಷಗಾನ ನೋಡಿ ಬೆಳೆದವರಿಗೆ ಕಿರೀಟಗಳೇ ಸಾಕು ಪಾತ್ರ ಗುರುತಿಸಲು.

ಐದನೆಯದು: ಜ್ಯೂ ಟೌನ್

ಅರಮನೆಯಿಂದ ಕೆಲವೇ ಹೆಜ್ಜೆ. ಸಿನಗಾಗ್‌ಗೆ ಮೊದಲು ಹೋಗಿ, ಏಕೆಂದರೆ ಮಧ್ಯಾಹ್ನ ಸುಮಾರು ಎರಡು ತಾಸು ಮುಚ್ಚಿರುತ್ತದೆ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ, ಚಪ್ಪಲಿ ಹೊರಗೆ. 1568ರಲ್ಲಿ ಕಟ್ಟಿದ್ದು. ನೆಲಕ್ಕೆ ಚೀನಾದಿಂದ ತಂದ ನೀಲಿ-ಬಿಳಿ ಬಿಲ್ಲೆಗಳು, ಪ್ರತಿಯೊಂದಕ್ಕೂ ಕೈಯಲ್ಲೇ ಬಣ್ಣ ಬರೆದದ್ದು. ಬರಿಗಾಲಲ್ಲಿ ಅವುಗಳ ಮೇಲೆ ನಿಂತಾಗ ತಂಪು ತಾಗುತ್ತದೆ. 1760ರ ಗಡಿಯಾರ ಗೋಪುರವನ್ನು ಹೊರಗಿನಿಂದ ನೋಡಿ, ಒಂದೊಂದು ಬದಿಯ ಅಂಕಿಗಳು ಒಂದೊಂದು ಲಿಪಿಯಲ್ಲಿವೆ.

ಬೀದಿಯಲ್ಲಿ ನಡೆಯುವಾಗ ಕಿಟಕಿಯ ಸರಳುಗಳನ್ನು ಗಮನಿಸಿದರೆ ಕೆಲವದರಲ್ಲಿ ಆರು ಮೂಲೆಯ ನಕ್ಷತ್ರ ಸಿಗುತ್ತದೆ. ಇವು ಮನೆಗಳಾಗಿದ್ದವು. ಇಲ್ಲೇ ಕಸೂತಿ ಅಂಗಡಿ ನಡೆಸುತ್ತಿದ್ದ ಸಾರಾ ಕೋಹೆನ್ 2019ರಲ್ಲಿ 96ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಕಿಟಕಿಯ ಪಕ್ಕ ಕೂತು ಹೊಲಿಯುತ್ತಿದ್ದುದನ್ನು ನೋಡಿದವರು ಇನ್ನೂ ಅದೇ ಮಾತು ಆಡುತ್ತಾರೆ. ಇದೇ ಬೀದಿಯಲ್ಲಿ ಮೆಣಸಿನ ವಿನಿಮಯ ಕೇಂದ್ರದ ಕಟ್ಟಡವೂ ಇದೆ. 1957ರಿಂದ ಇಲ್ಲಿ ಮೆಣಸಿನ ಮುಂಗಡ ವ್ಯಾಪಾರ, ಅಂದರೆ ಮುಂದೆ ಕೊಡುವ ಸರಕಿಗೆ ಇಂದೇ ದರ ಕಟ್ಟುವ ವ್ಯಾಪಾರ ನಡೆಯಿತು. ದಲ್ಲಾಳಿಗಳು ಫೋನ್ ಕಿವಿಗಿಟ್ಟುಕೊಂಡೇ ದರ ಕೂಗುತ್ತಿದ್ದ ಕಾಲವದು, ಆಮೇಲೆ ಕಂಪ್ಯೂಟರ್ ಬಂತು.

ಆರನೆಯದು: ಊಟ ಮುಗಿಸಿ

ಬಿರಿಯಾನಿ ತಿನ್ನುವವರು ಕಾಯೀಸ್‌ಗೆ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ತಡಮಾಡಿದರೆ ಮುಗಿದುಹೋಗುತ್ತದೆ. ಸಸ್ಯಾಹಾರಿಗಳಿಗೆ ಗುಜರಾತಿ ರೋಡಿನ ಕಡೆ ಊಟವೂ ಸಿಹಿಯೂ ಚೆನ್ನಾಗಿವೆ, ಅಲ್ಲಿಯ ಜೈನ ಬಸದಿಯನ್ನೂ ನೋಡಬಹುದು. ಜ್ಯೂ ಟೌನಿನ ನೀರಿನ ಬದಿಯ ಕೆಫೆಗಳಲ್ಲಿ ಊಟ ದುಬಾರಿ. ಒಂದು ಶುಂಠಿ ಲೈಮ್ ಕುಡಿಯಲು ಕೂತರೆ ಮಾತ್ರ ದುಡ್ಡಿಗೆ ಮೋಸವಿಲ್ಲ: ಹಿಂದೆ ಗೋದಾಮು, ಮುಂದೆ ನೀರು, ಆಚೆ ವಿಲಿಂಗ್ಡನ್ ದ್ವೀಪ.

ಏಳನೆಯದು: ಮಸಾಲೆ ಕೊಳ್ಳುವುದು

ಇದನ್ನು ಕೊನೆಗಿಟ್ಟದ್ದು ಬೇಕೆಂದೇ. ಬೆಳಿಗ್ಗೆ ಗೋಣಿಯಲ್ಲಿ ಸರಕು ನೋಡಿದ ಕಣ್ಣಿಗೆ ಪೊಟ್ಟಣದ ಸರಕು ಬೇರೆಯಾಗಿಯೇ ಕಾಣುತ್ತದೆ.

ಅಂಗಡಿಗೆ ನಿಮ್ಮನ್ನು ಆಟೊದವರು ಕರೆದೊಯ್ಯುವುದು ಬೇಡ. ಅವರ ಕಮಿಷನ್ ನಿಮ್ಮ ಬಿಲ್ಲಿನಲ್ಲೇ ಸೇರಿರುತ್ತದೆ. ಬುಟ್ಟಿಯಲ್ಲಿ ಬಣ್ಣಬಣ್ಣವಾಗಿ ರಾಶಿ ಹಾಕಿ ಬಾಗಿಲಲ್ಲಿ ಇಟ್ಟದ್ದು ಬಿಸಿಲು, ಗಾಳಿಗೆ ಕಂಪು ಕಳೆದುಕೊಂಡಿರುತ್ತದೆ. ಒಳಗಿನ ಮುಚ್ಚಿದ ಡಬ್ಬಿಯಿಂದ ಕೊಡಲು ಹೇಳಿ. ಪುಡಿ ಯಾವುದೂ ಬೇಡ, ಇಡಿಯದೇ ಕೊಳ್ಳಿ.

ಕಾಳುಮೆಣಸು ಇಲ್ಲಿ ಕುರುಮುಳಕ್. ಹಿಡಿಯಲ್ಲಿ ಹಿಡಿದಾಗ ಭಾರವೆನಿಸಬೇಕು. ವ್ಯಾಪಾರಿಗಳು ಇದಕ್ಕೆ ಲೀಟರ್ ತೂಕ ನೋಡುತ್ತಾರೆ: ಒಂದು ಲೀಟರ್ ಅಳತೆಪಾತ್ರೆ ತುಂಬ ಮೆಣಸು ಹಾಕಿ ತೂಗಿದರೆ ಒಳ್ಳೆಯ ದರ್ಜೆಯದು ಸುಮಾರು 550 ಗ್ರಾಂ ಬರಬೇಕು. ಕೊಡಗು, ಚಿಕ್ಕಮಗಳೂರು, ಶಿರಸಿ ಕಡೆಯ ಬೆಳೆಗಾರರಿಗೆ ಇದು ಗೊತ್ತಿದ್ದದ್ದೇ. ನಾಲ್ಕು ಕಾಳು ನೀರಿಗೆ ಹಾಕಿ ನೋಡುವುದೂ ಉಂಟು. ಪಪ್ಪಾಯಿ ಬೀಜವೂ ಪೊಳ್ಳು ಕಾಳೂ ತೇಲುತ್ತವೆ. ತಲಶ್ಶೇರಿ ಎಂದು ಹೇಳಿ ಕೊಡುವುದು ಹೆಚ್ಚಾಗಿ ಕಾಳಿನ ಗಾತ್ರದ ದರ್ಜೆ, ಬೆಳೆದ ಊರಲ್ಲ. ಇನ್ನೂ ಒಂದು ಮಾತು. ಕೊಚ್ಚಿಯ ಮಾರುಕಟ್ಟೆಗೆ ಕರ್ನಾಟಕದ ಮೆಣಸೂ ಬರುತ್ತದೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಸುಮ್ಮನೆ ಅಲ್ಲ. ಮಲೆನಾಡಿನವರು ಇಲ್ಲಿ ಮೆಣಸು ಕೊಳ್ಳುವ ಅಗತ್ಯವಿಲ್ಲ, ಮನೆಯದೇ ಒಳ್ಳೆಯದು.

ಏಲಕ್ಕಿಯಲ್ಲಿ ನನಗೆ ಒಮ್ಮೆ ಪೆಟ್ಟು ಬಿದ್ದಿದೆ. ಒಂದು ಅಂಗಡಿಯಲ್ಲಿ ಗಿಳಿಹಸಿರು ಕಾಯಿ ಕಂಡು ಕಾಲು ಕೆ.ಜಿ. ತಂದೆ. ಮನೆಯಲ್ಲಿ ಪಾಯಸಕ್ಕೆ ಹಾಕುವ ಮೊದಲು ತೊಳೆದಾಗ ನೀರೇ ಹಸಿರಾಯಿತು. ಈಗ ಬೆರಳ ತುದಿ ಒದ್ದೆಮಾಡಿ ಕಾಯಿಯನ್ನು ಉಜ್ಜಿ ನೋಡಿಯೇ ತೂಗಲು ಹೇಳುತ್ತೇನೆ. ಸಿಪ್ಪೆ ಬಿಡಿಸಿದಾಗ ಕಾಳು ಕಪ್ಪಗೆ, ಸ್ವಲ್ಪ ಅಂಟಂಟಾಗಿರಬೇಕು. ಒಣಗಿ ಬಿಳಿಚಿಕೊಂಡಿದ್ದರೆ ಹಳೆಯದು.

ಲವಂಗದ ತಲೆಯನ್ನು ಉಗುರಿನಿಂದ ಒತ್ತಿ, ಎಣ್ಣೆ ಜಿನುಗಬೇಕು. ಜಿನುಗದಿದ್ದರೆ ಎಣ್ಣೆ ತೆಗೆದ ಸರಕು. ಜಾಯಿಕಾಯಿ ಕೈಗೆ ಭಾರವಿರಲಿ, ಜಾಪತ್ರೆ ಬಾಗಬೇಕು, ಪುಡಿಯಾಗಬಾರದು. ದಾಲ್ಚಿನ್ನಿ ಎಂದು ದಪ್ಪ ಚಕ್ಕೆ ಕೊಡುತ್ತಾರೆ. ನಿಜವಾದದ್ದು ಕಾಗದದಷ್ಟು ತೆಳು, ಸುರುಳಿಯೊಳಗೆ ಸುರುಳಿ, ಬೆರಳಲ್ಲೇ ಮುರಿಯುತ್ತದೆ. ಒಣಶುಂಠಿ, ಇಲ್ಲಿಯವರ ಚುಕ್ಕ್, ಬೆಳ್ಳಗಿದ್ದರೆ ಸುಣ್ಣದಲ್ಲಿ ಅದ್ದಿದ್ದು. ಕಷಾಯಕ್ಕೆ ಮಣ್ಣಿನ ಬಣ್ಣದ, ಸುಕ್ಕುಸುಕ್ಕಾದದ್ದೇ ಕೇಳಿ.

ಕೇಸರಿ, ಅತ್ತರು, ಅರಳುವ ಚಹಾ ಹೂವು ಇವು ಇಲ್ಲಿಯ ಸರಕೇ ಅಲ್ಲ. ನಕ್ಷತ್ರಮೊಗ್ಗೂ ಹೊರಗಿನಿಂದ ಬಂದದ್ದು.

ದರ ಕೇಳಲು "ಎತ್ರಯಾ?" ಸಾಕು. ಬಜಾರ್ ರೋಡಿನಲ್ಲಿ ಚಿಲ್ಲರೆಗೂ ಕೊಡುವ ಮಳಿಗೆಗಳಿವೆ. ಎರಡು ಕಡೆ ದರ ಕೇಳಿಕೊಂಡು ಬಂದಿದ್ದರೆ ಜ್ಯೂ ಟೌನಿನಲ್ಲಿ ಎಷ್ಟು ಇಳಿಸಬಹುದು ಎಂಬ ಅಂದಾಜು ಸಿಗುತ್ತದೆ. ಬಿಲ್ಲು ತೆಗೆದುಕೊಳ್ಳಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿರುವ ಮಕ್ಕಳಿಗೆ ಒಯ್ಯುವವರು ವಿಮಾನ ನಿಲ್ದಾಣದಲ್ಲಿ ಮಸಾಲೆ ಇದೆ ಎಂದು ಬರೆದುಕೊಡಲೇಬೇಕು, ಇಲ್ಲವಾದರೆ ದಂಡ.

ಎಂಟನೆಯದು: ಹಳೆಯ ವಸ್ತುಗಳು

ಇವನ್ನು ನೋಡಲು ದುಡ್ಡು ಬೇಕಿಲ್ಲ, ಸಮಯ ಬೇಕು. ದೊಡ್ಡ ಮಳಿಗೆಗಳು ಹಳೆಯ ಗೋದಾಮಿನೊಳಗೇ ಇವೆ: ಉರುಳಿ, ಮರದ ಕಂಬ, ಚೆಟ್ಟಿನಾಡಿನ ಬಾಗಿಲು, ಒಡೆದ ಮನೆಗಳ ತೊಟ್ಟಿಲು. ಹೊಸದಾಗಿ ಮಾಡಿ ಹಳೆಯ ಬಣ್ಣ ಹಚ್ಚಿದವೂ ಬೇಕಾದಷ್ಟಿವೆ. ಕಂಚಿನ ಪಾತ್ರೆಯಾದರೆ ತಳ ತಿರುಗಿಸಿ ನೋಡಿ. ನೂರು ವರ್ಷ ಒಲೆಯ ಮೇಲೆ ಕೂತದ್ದರ ತಳ ಒಂದೇ ಸಮ ಇರುವುದಿಲ್ಲ. ಮರವಾದರೆ ಹಿಂಬದಿಯ ಉಳಿಗುರುತು ನೋಡಿ, ಯಂತ್ರದ ಗರಗಸದ ಗೆರೆ ಇದ್ದರೆ ಹೊಸದು.

ನೂರು ವರ್ಷ ದಾಟಿದ ವಿಗ್ರಹ, ಚಿತ್ರ, ಕೆತ್ತನೆಗಳನ್ನು ದೇಶದ ಹೊರಗೆ ಒಯ್ಯುವಂತಿಲ್ಲ, 1972ರ ಕಾಯ್ದೆ ಇದೆ. ಹಸ್ತಪ್ರತಿಗಾದರೆ 75 ವರ್ಷವೇ ಸಾಕು. ವಿದೇಶದಲ್ಲಿರುವವರು ಅಂಗಡಿಯವರ ಬಾಯಿಮಾತು ನಂಬಬೇಡಿ. ವಸ್ತು ನಕಲೋ ಹೊಸದೋ ಆಗಿದ್ದರೆ ಬಿಲ್ಲಿನಲ್ಲಿ ಹಾಗೆಂದೇ ಬರೆಸಿಕೊಳ್ಳಿ.

ಹಿಂದಿರುಗುವಾಗ

ಈಗ ಮಟ್ಟಾಂಚೇರಿ ಜೆಟ್ಟಿಯಿಂದಲೇ ಬೋಟು ಹತ್ತಿ, ಸಂಜೆಯ ಬೋಟಿನ ಸಮಯವನ್ನು ಮಧ್ಯಾಹ್ನವೇ ಕೇಳಿಟ್ಟುಕೊಳ್ಳಿ. ಎಡಬದಿಯಲ್ಲಿ ಕೂರಿ. ಬೆಳಿಗ್ಗೆ ರಸ್ತೆಯಿಂದ ಕಂಡ ಗೋದಾಮುಗಳ ಇನ್ನೊಂದು ಮುಖ ಕಾಣುತ್ತದೆ: ನೀರಿಗಿಳಿಯುವ ಮೆಟ್ಟಿಲು, ಮುಚ್ಚಿದ ದೊಡ್ಡ ಬಾಗಿಲು, ಕೆಲವು ಕಡೆ ಗೋಡೆ ಸೀಳಿಕೊಂಡು ಬಂದ ಅರಳಿ ಗಿಡ. ಬಲಬದಿಗೆ ದ್ವೀಪ.

ಮನೆಗೆ ಬಂದ ಮೇಲೆ ಮೆಣಸನ್ನು ಒಂದು ದಿನ ಬಿಸಿಲಿಗೆ ಹಾಕಿ, ಏಲಕ್ಕಿ, ಲವಂಗವನ್ನು ಮಾತ್ರ ಬಿಸಿಲಿಗೆ ಹಾಕಬೇಡಿ. ಎಲ್ಲವನ್ನೂ ಗಾಜಿನ ಬಾಟಲಿಗೆ ತುಂಬಿ, ಒಲೆಯಿಂದ ದೂರ ಇಡಿ. ಬಾಟಲಿಯ ಮೇಲೆ ಚೀಟಿ ಅಂಟಿಸಿ ತಿಂಗಳು, ದರ, ಕೊಂಡ ಅಂಗಡಿಯ ಹೆಸರು ಬರೆದಿಡಿ. ಆರು ತಿಂಗಳ ಮೇಲೆ ಮುಚ್ಚಳ ತೆಗೆದಾಗಲೂ ಘಮ ಹಾಗೆಯೇ ಇದ್ದರೆ ಮುಂದಿನ ಸಲ ಯಾವ ಬಾಗಿಲಿಗೆ ಹೋಗಬೇಕೆಂದು ಆ ಚೀಟಿಯಲ್ಲೇ ಇರುತ್ತದೆ.